ವರ್ಣ, ಸಂಪತ್ತು, ಸಂಸ್ಕೃತಿ: ಅಮೆರಿಕದ ಕಪ್ಪು ಜನರ ಸಾಮಾಜಿಕ ಚಲನೆಯ ಪ್ರಶ್ನೆ

ಒಂದು ಜನವರ್ಗ ಹಿಂದುಳಿದಿರುವುದಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಎಲ್ಲ ಕಾಲದಲ್ಲಿಯೂ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಪ್ರಭುತ್ವದ ಆರ್ಥಿಕ ನೀತಿ ಆ ಜನರನ್ನು ಹೊರಗಿಟ್ಟಿತು ಎಂಬುದು ಒಂದು. ಆ ಜನರ ಬದುಕಿನ ಕ್ರಮವೇ, ಅಂದರೆ ಅವರ ಸಂಸ್ಕೃತಿಯೇ, ಅವರನ್ನು ಹಿಂದಕ್ಕೆಳೆಯಿತು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಎರಡನೆಯದನ್ನು ಕೇಳಲೊಲ್ಲರು; ಎರಡನೆಯದನ್ನು ನಂಬಿದವರಿಗೆ ಮೊದಲನೆಯದು ಸೋಮಾರಿಗಳ ನೆಪವಾಗಿ ಕಾಣುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನರ ಇತಿಹಾಸ ಈ ಎರಡು ಉತ್ತರಗಳ ನಡುವಿನ ವಾಗ್ವಾದಕ್ಕೆ ನೂರೈವತ್ತು ವರ್ಷಗಳಿಂದ ವೇದಿಕೆಯಾಗಿದೆ.

ಕನ್ನಡದ ವಿದ್ಯಾರ್ಥಿಗೆ, ಅದರಲ್ಲಿಯೂ ಮಹಾರಾಷ್ಟ್ರದ ನೆಲದಲ್ಲಿ ಕನ್ನಡವನ್ನು ಓದುವವನಿಗೆ, ಈ ವಾಗ್ವಾದ ದೂರದೇಶದ ಸುದ್ದಿಯಲ್ಲ. ಜ್ಯೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ವಿಮೋಚನೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1913ರಿಂದ 1916ರವರೆಗೆ ವ್ಯಾಸಂಗ ಮಾಡಿದ ಡಾ. ಅಂಬೇಡ್ಕರರು 1946ರಲ್ಲಿ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದು, ಉಭಯ ಜನಗಳ ಪರಿಸ್ಥಿತಿಯಲ್ಲಿರುವ ಸಾಮ್ಯವನ್ನು ಪ್ರಸ್ತಾಪಿಸಿದ್ದರು. ಮುಂಬಯಿಯಲ್ಲಿ 1972ರಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಸಂಘಟನೆ ತನ್ನ ಹೆಸರನ್ನು ಪಡೆದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. ಇದೆಲ್ಲಕ್ಕಿಂತ ಮಿಗಿಲಾಗಿ, 'ಸಂಸ್ಕೃತಿ' ಎಂಬುದು ಭಾಷಾ ಸಾಹಿತ್ಯ ವಿಭಾಗಗಳಲ್ಲಿ ದಿನನಿತ್ಯ ಚಲಾವಣೆಯಲ್ಲಿರುವ ನಾಣ್ಯ. ಆ ನಾಣ್ಯದ ನಿಜವಾದ ಬೆಲೆ ಎಷ್ಟೆಂಬುದನ್ನು ಒರೆಗೆ ಹಚ್ಚಿ ನೋಡುವುದು ಆ ವಿಭಾಗಗಳ ಕರ್ತವ್ಯವೂ ಹೌದು.

ಮೊದಲು ಇಂದಿನ ಸ್ಥಿತಿಯನ್ನು ನೋಡಬೇಕು. ಅಮೆರಿಕದ ಕೇಂದ್ರ ಬ್ಯಾಂಕು 2022ರಲ್ಲಿ ನಡೆಸಿದ ಕುಟುಂಬ ಹಣಕಾಸು ಸಮೀಕ್ಷೆಯ ಪ್ರಕಾರ ಬಿಳಿಯ ಕುಟುಂಬದ ಮಧ್ಯಾಂಕ ಸಂಪತ್ತು ಸುಮಾರು 2,85,000 ಡಾಲರ್. ಕಪ್ಪು ಕುಟುಂಬದ್ದು ಸುಮಾರು 44,900 ಡಾಲರ್. ಅಂದರೆ ಆರು ಪಟ್ಟಿಗೂ ಮಿಗಿಲಾದ ಅಂತರ. ಆದಾಯದಲ್ಲಿರುವ ಅಂತರ ಇಷ್ಟು ದೊಡ್ಡದಲ್ಲ. ಆದಾಯ ಮತ್ತು ಸಂಪತ್ತು ಇವುಗಳ ವ್ಯತ್ಯಾಸವೇ ಇಲ್ಲಿ ಮುಖ್ಯವಾದುದು. ಆದಾಯವೆಂಬುದು ಒಬ್ಬನ ಇಂದಿನ ದುಡಿಮೆಯ ಫಲ. ಸಂಪತ್ತಾದರೋ ಅಜ್ಜನ ಹೊಲ, ತಂದೆಯ ಮನೆ, ತಾಯಿಯ ಉಳಿತಾಯ ಇವುಗಳ ಮೊತ್ತ. ಮಗನ ಕಾಲೇಜಿನ ಶುಲ್ಕ, ಮನೆ ಕೊಳ್ಳುವಾಗಿನ ಮೊದಲ ಕಂತು, ಕಾಯಿಲೆಯ ದಿನಗಳ ಆಸರೆ ಎಲ್ಲವೂ ಅದರಿಂದಲೇ ಬರುತ್ತವೆ. ಆದುದರಿಂದ ಸಂಪತ್ತಿನ ಅಂತರವನ್ನು ಕುರಿತು ಮಾತನಾಡುವಾಗ ಚರಿತ್ರೆಯನ್ನು ಬಿಟ್ಟು ಮಾತನಾಡಲಾಗದು.

ಆ ಚರಿತ್ರೆ 1865ರಿಂದ ಆರಂಭವಾಗುತ್ತದೆ. ಅಂತರ್ಯುದ್ಧ ಮುಗಿಯುತ್ತಿದ್ದ ಆ ವರ್ಷದ ಜನವರಿಯಲ್ಲಿ ಸೇನಾಪತಿ ಷರ್ಮನ್ ಹೊರಡಿಸಿದ ಆಜ್ಞೆಯಂತೆ ದಕ್ಷಿಣದ ಕರಾವಳಿಯಲ್ಲಿ ವಿಮುಕ್ತ ಗುಲಾಮರ ಕುಟುಂಬಗಳಿಗೆ ತಲಾ ನಲವತ್ತು ಎಕರೆಯವರೆಗೆ ಭೂಮಿ ದೊರೆಯಬೇಕಾಗಿತ್ತು. ಸುಮಾರು 40,000 ಜನ ಆ ಭೂಮಿಯಲ್ಲಿ ನೆಲೆಯನ್ನೂ ಊರಿದರು. ಆದರೆ ಲಿಂಕನ್ನನ ಹತ್ಯೆಯ ತರುವಾಯ ಅಧ್ಯಕ್ಷನಾದ ಆಂಡ್ರೂ ಜಾನ್ಸನ್ ಅದೇ ವರ್ಷ ಆ ಏರ್ಪಾಡನ್ನು ರದ್ದುಗೊಳಿಸಿ, ಭೂಮಿಯನ್ನು ಹಳೆಯ ಒಡೆಯರಿಗೆ ಮರಳಿಸಿದನು. ಇದೇ ಕಾಲಕ್ಕೆ ಪಶ್ಚಿಮದಲ್ಲಿ 1862ರ ಹೋಮ್‌ಸ್ಟೆಡ್ ಕಾಯಿದೆಯ ಮೇರೆಗೆ ಒಬ್ಬೊಬ್ಬ ಅರ್ಜಿದಾರನಿಗೆ 160 ಎಕರೆಯಂತೆ ಭೂಮಿಯನ್ನು ಹಂಚಲಾಗುತ್ತಿತ್ತು. ಮೂಲನಿವಾಸಿಗಳಿಂದ ಕಸಿದುಕೊಂಡ ನೆಲದಲ್ಲಿ ಹೀಗೆ ಕಾಲಾನುಕ್ರಮದಲ್ಲಿ ಹಂಚಿಕೆಯಾದದ್ದು ಸುಮಾರು 27 ಕೋಟಿ ಎಕರೆ. ಅದರಲ್ಲಿ ಸಿಂಹಪಾಲು ಬಿಳಿಯರದಾಯಿತು. ನೆಲ ದೊರೆಯದ ಕಪ್ಪು ಜನ ಉಳಿತಾಯದ ಹಾದಿ ಹಿಡಿದರು. ಅವರಿಗಾಗಿಯೇ 1865ರಲ್ಲಿ ಸ್ಥಾಪನೆಯಾದ ಫ್ರೀಡ್‌ಮನ್ಸ್ ಉಳಿತಾಯ ಬ್ಯಾಂಕು 1874ರಲ್ಲಿ ಕುಸಿದು ಬಿದ್ದಾಗ ಸುಮಾರು 61,000 ಠೇವಣಿದಾರರ ಸುಮಾರು 30 ಲಕ್ಷ ಡಾಲರ್ ಅದರಲ್ಲಿ ಸಿಕ್ಕಿಬಿದ್ದಿತು. ಮಿತವ್ಯಯವನ್ನು ಕಲಿಯದ ಜನ ಎಂಬ ಆಪಾದನೆಯನ್ನು ಮುಂದೆ ಹೊತ್ತವರು ಇದೇ ಠೇವಣಿದಾರರ ಮಕ್ಕಳು ಮೊಮ್ಮಕ್ಕಳು ಎಂಬುದು ಚರಿತ್ರೆಯ ವ್ಯಂಗ್ಯ.

ಸಂಸ್ಕೃತಿಯ ವಾದವನ್ನು ಪರೀಕ್ಷಿಸಲು ಇದೇ ಕಾಲಖಂಡ ಇನ್ನೊಂದು ಸಾಕ್ಷ್ಯವನ್ನು ಒದಗಿಸುತ್ತದೆ. ಗುಲಾಮರಿಗೆ ಅಕ್ಷರ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. 1870ರ ಜನಗಣತಿಯಲ್ಲಿ ಕಪ್ಪು ಜನರ ಅನಕ್ಷರತೆ ಶೇಕಡಾ 80ರಷ್ಟಿತ್ತು; 1900ರ ವೇಳೆಗೆ ಅದು ಶೇಕಡಾ 45ಕ್ಕೆ, 1910ಕ್ಕೆ ಶೇಕಡಾ 30ರ ಸಮೀಪಕ್ಕೆ ಇಳಿಯಿತು. ಮತದಾನದ ಹಕ್ಕನ್ನು ಕಸಿದುಕೊಳ್ಳುತ್ತಿದ್ದ, ಗುಂಪುಹತ್ಯೆಗಳು ನಡೆಯುತ್ತಿದ್ದ ದಶಕಗಳಲ್ಲಿಯೇ ಈ ಸಾಧನೆಯಾಯಿತು. ಮುಂದೆ 1912ರಿಂದ 1932ರವರೆಗೆ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವರ್ತಕನ ನೆರವಿನಿಂದ ದಕ್ಷಿಣದ ಹಳ್ಳಿಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ನಿರ್ಮಾಣವಾದವು. ಗೇಣಿ ರೈತರೂ ಅಗಸಗಿತ್ತಿಯರೂ ತಮ್ಮ ಪಾಲಿನ ಹಣವನ್ನು ಕೂಡಿಸಿ ಕೊಡಬೇಕೆಂಬುದು ಅದರ ನಿಯಮ. ಅವರು ಹಾಗೆ ಕೂಡಿಸಿದ ಮೊತ್ತ ದಾನಿಯ ಮೊತ್ತಕ್ಕೆ ಕಡಿಮೆಯದಾಗಿರಲಿಲ್ಲ. ಆ ಶಾಲೆಗಳು ಇದ್ದ ಪ್ರದೇಶಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳ ವಿದ್ಯಾಭ್ಯಾಸದ ಅಂತರ ಗಣನೀಯವಾಗಿ ಕಡಿಮೆಯಾಯಿತೆಂದು ಅರ್ಥಶಾಸ್ತ್ರಜ್ಞರ ಈಚಿನ ಸಂಶೋಧನೆ ತೋರಿಸಿದೆ. ವಿದ್ಯೆಯ ಹಂಬಲ ಸಂಸ್ಕೃತಿಯಲ್ಲದೆ ಇನ್ನೇನು? ಆದರೆ ಆ ಹಂಬಲ ಫಲ ಕೊಟ್ಟದ್ದು ಒಂದು ಕಟ್ಟಡ, ಒಬ್ಬ ಶಿಕ್ಷಕ, ಒಂದು ಕಪ್ಪುಹಲಗೆ ಅದರ ಎದುರಿಗೆ ನಿಂತಾಗ ಮಾತ್ರ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕ ತನ್ನ ಮಧ್ಯಮವರ್ಗವನ್ನು ಸರಕಾರದ ಕೈಯಿಂದಲೇ ಕಟ್ಟಿತು. ಆ ಕಟ್ಟಡದ ಬಾಗಿಲು ಯಾರಿಗೆ ತೆರೆದಿತ್ತು ಎಂಬುದು ಮುಂದಿನ ಪ್ರಶ್ನೆ. 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ ಕೃಷಿಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಡಲಾಯಿತು. ಇದಕ್ಕೆ ಆಡಳಿತದ ತೊಡಕು ಕಾರಣವೇ ಅಥವಾ ದಕ್ಷಿಣದ ಶಾಸಕರ ಒತ್ತಡ ಕಾರಣವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪರಿಣಾಮದ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿಲ್ಲ: ಕಪ್ಪು ದುಡಿಮೆಗಾರರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ವೃದ್ಧಾಪ್ಯದ ಪಿಂಚಣಿಯ ಹೊರಗುಳಿದರು. 1934ರಲ್ಲಿ ಸ್ಥಾಪಿತವಾದ ಕೇಂದ್ರ ವಸತಿ ಆಡಳಿತ ಗೃಹಸಾಲಗಳಿಗೆ ಸರಕಾರದ ಖಾತರಿ ನೀಡತೊಡಗಿತು. ಅದರ ಮಾರ್ಗಸೂಚಿಗಳು ಕಪ್ಪು ಜನ ವಾಸಿಸುವ ಬಡಾವಣೆಗಳನ್ನು ಅಪಾಯದ ಪ್ರದೇಶಗಳೆಂದು ಪರಿಗಣಿಸಿದವು. ಇದಕ್ಕೆ ತುಸು ಮೊದಲು ಸ್ಥಾಪಿತವಾಗಿದ್ದ ಇನ್ನೊಂದು ಸರಕಾರಿ ನಿಗಮ ಸಿದ್ಧಪಡಿಸಿದ ನಗರ ನಕಾಶೆಗಳಲ್ಲಿ ಇಂಥ ಬಡಾವಣೆಗಳು ಕೆಂಪು ಬಣ್ಣ ಪಡೆದವು. ಎರಡನೆಯ ಮಹಾಯುದ್ಧದಿಂದ ಮರಳಿದ ಯೋಧರಿಗಾಗಿ 1944ರಲ್ಲಿ ಬಂದ ಕಾಯಿದೆ ಕಾಗದದ ಮೇಲೆ ವರ್ಣಾತೀತವಾದುದು. ಆದರೆ ಸಾಲ ನೀಡಬೇಕಾದವು ಸ್ಥಳೀಯ ಬ್ಯಾಂಕುಗಳು. ಮಿಸಿಸಿಪ್ಪಿ ರಾಜ್ಯದ 13 ಪಟ್ಟಣಗಳಲ್ಲಿ 1947ರಲ್ಲಿ ಈ ಕಾಯಿದೆಯ ಖಾತರಿಯಿಂದ ನೀಡಲಾದ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ದೊರೆತದ್ದು ಕೇವಲ ಎರಡು. ರಾಜ್ಯಶಾಸ್ತ್ರಜ್ಞ ಐರಾ ಕ್ಯಾಟ್ಸ್‌ನೆಲ್ಸನ್ ತಮ್ಮ 2005ರ ಗ್ರಂಥದಲ್ಲಿ ಈ ಅಂಕಿಗಳನ್ನು ಮುಂದಿಟ್ಟು, ಅಮೆರಿಕದಲ್ಲಿ ಮೊದಲ ಮೀಸಲಾತಿ ದೊರೆತದ್ದು ಬಿಳಿಯರಿಗೇ ಎಂಬ ಅರ್ಥದ ತೀರ್ಮಾನಕ್ಕೆ ಬಂದಿದ್ದಾರೆ. ಆ ತೀರ್ಮಾನವನ್ನು ಅಲ್ಲಗಳೆಯುವುದು ಸುಲಭವಲ್ಲ.

ನೀತಿ ಮುಚ್ಚಿದ ಬಾಗಿಲನ್ನು ನೀತಿಯೇ ತೆರೆದಾಗ ಏನಾಯಿತು ಎಂಬುದನ್ನೂ ನೋಡಬೇಕು. ಕನಿಷ್ಠ ವೇತನದ ಕಾಯಿದೆ 1938ರಲ್ಲಿ ಬಂದಾಗ ಹೊಲ, ಹೋಟೆಲು, ಶುಶ್ರೂಷಾಲಯ ಮುಂತಾದ ಕ್ಷೇತ್ರಗಳು ಅದರ ವ್ಯಾಪ್ತಿಯ ಹೊರಗಿದ್ದವು. ಕಪ್ಪು ಜನ ಹೆಚ್ಚಾಗಿ ದುಡಿಯುತ್ತಿದ್ದುದು ಇವುಗಳಲ್ಲಿಯೇ. 1966ರ ತಿದ್ದುಪಡಿ ಇವುಗಳನ್ನು ಒಳಗೆ ತಂದಿತು. ಎಲ್ಲೋರಾ ಡೆರೆನೊನ್‌ಕೋರ್ ಮತ್ತು ಕ್ಲೇರ್ ಮೊಂಟಿಯಾಲೂ ಎಂಬ ಅರ್ಥಶಾಸ್ತ್ರಜ್ಞೆಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರುವತ್ತರ ದಶಕದ ಕೊನೆ ಮತ್ತು ಎಪ್ಪತ್ತರ ದಶಕದ ಆರಂಭದಲ್ಲಿ ವರ್ಣಗಳ ನಡುವಣ ಗಳಿಕೆಯ ಅಂತರ ಎಷ್ಟು ಕುಗ್ಗಿತೋ ಅದರಲ್ಲಿ ಶೇಕಡಾ 20ಕ್ಕೂ ಹೆಚ್ಚಿನ ಪಾಲು ಈ ಒಂದು ತಿದ್ದುಪಡಿಯ ಫಲ. ಆ ಕೆಲವು ವರ್ಷಗಳಲ್ಲಿ ಕಪ್ಪು ಜನರ ಸಂಸ್ಕೃತಿ ಹಠಾತ್ತನೆ ಬದಲಾಯಿತೆಂದು ಯಾರೂ ಹೇಳಲಾರರು. ಬದಲಾದದ್ದು ಕಾಯಿದೆ.

ಇಷ್ಟಾದರೂ ಸಂಸ್ಕೃತಿಯ ವಾದವನ್ನು ಅದರ ಪೂರ್ಣಬಲದಲ್ಲಿ ಎದುರುಗೊಳ್ಳದೆ ಬಿಡುವುದು ವಿದ್ವತ್ತಿಗೆ ತಕ್ಕುದಲ್ಲ. ಆಸ್ಕರ್ ಲೂಯಿಸ್ ಎಂಬ ಮಾನವಶಾಸ್ತ್ರಜ್ಞ 1959ರಲ್ಲಿ 'ಬಡತನದ ಸಂಸ್ಕೃತಿ' ಎಂಬ ಪರಿಕಲ್ಪನೆಯನ್ನು ಮುಂದಿಟ್ಟನು. ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ 1965ರ ತಮ್ಮ ಸರಕಾರಿ ವರದಿಯಲ್ಲಿ ಕಪ್ಪು ಕುಟುಂಬದ ಶಿಥಿಲತೆಯೇ ಸಮಸ್ಯೆಯ ತಿರುಳೆಂದರು. ಕಪ್ಪು ಅರ್ಥಶಾಸ್ತ್ರಜ್ಞರೇ ಆದ ಥಾಮಸ್ ಸೋವೆಲ್, 1981ರ 'ಎಥ್ನಿಕ್ ಅಮೆರಿಕ' ಮೊದಲಾದ ಗ್ರಂಥಗಳಲ್ಲಿ ಯೆಹೂದ್ಯರು, ಚೀನೀಯರು, ಜಪಾನೀಯರು, ಕೆರಿಬಿಯನ್ ದ್ವೀಪಗಳಿಂದ ಬಂದ ಕಪ್ಪು ವಲಸಿಗರು ಪಕ್ಷಪಾತವನ್ನು ಎದುರಿಸಿಯೂ ಮೇಲೆ ಬಂದುದನ್ನು ತೋರಿಸಿದರು. ಗುಲಾಮಗಿರಿಗೆ ಸಮೀಪದ ತಲೆಮಾರುಗಳಲ್ಲಿ ಗಟ್ಟಿಯಾಗಿದ್ದ ಕಪ್ಪು ಕುಟುಂಬ 1960ರ ನಂತರ ಒಡೆಯತೊಡಗಿದ್ದಕ್ಕೆ ಸರಕಾರದ ಉದಾರ ನೆರವಿನ ಯೋಜನೆಗಳೇ ಕಾರಣವೆಂಬುದು ಅವರ ಇನ್ನೊಂದು ವಾದ. ಈ ಮಾತುಗಳನ್ನು ದ್ವೇಷದ ಮಾತುಗಳೆಂದು ತಳ್ಳಿಹಾಕಲು ಬರುವುದಿಲ್ಲ. ಕುಟುಂಬದ ಸ್ಥೈರ್ಯ, ಓದಿನ ಶಿಸ್ತು, ಉಳಿತಾಯದ ಅಭ್ಯಾಸ ಇವು ಬಡವನ ಪಾಲಿಗೆ ಸಿರಿವಂತನಿಗಿಂತ ಹೆಚ್ಚು ಅವಶ್ಯಕ ಎಂಬುದನ್ನು ಬಡತನದಿಂದ ಬಂದವರು ಯಾರೂ ನಿರಾಕರಿಸರು.

ಆದರೆ ಈ ವಾದ ಮೂರು ಕಡೆಗಳಲ್ಲಿ ಮುಗ್ಗರಿಸುತ್ತದೆ. ಮೊದಲನೆಯದು, ಕಾಲಕ್ರಮ. ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ 1987 ಮತ್ತು 1996ರ ತಮ್ಮ ಗ್ರಂಥಗಳಲ್ಲಿ ತೋರಿಸಿದಂತೆ, ಉತ್ತರದ ನಗರಗಳ ಕಪ್ಪು ಬಡಾವಣೆಗಳಲ್ಲಿ ಮೊದಲು ಮಾಯವಾದದ್ದು ಕೆಲಸ. ಮದುವೆ, ನೆರೆಹೊರೆಯ ಶಿಸ್ತು ಇವು ಕುಸಿದದ್ದು ಅನಂತರ. ದಕ್ಷಿಣದಿಂದ ಲಕ್ಷಾಂತರ ಕಪ್ಪು ಕುಟುಂಬಗಳು ವಲಸೆ ಬಂದದ್ದು ಉತ್ತರದ ಕಾರ್ಖಾನೆಗಳನ್ನು ನೆಚ್ಚಿ. 1950ರಲ್ಲಿ ಹದಿನೆಂಟೂವರೆ ಲಕ್ಷದಷ್ಟಿದ್ದ ಡೆಟ್ರಾಯಿಟ್ ನಗರದ ಜನಸಂಖ್ಯೆ 2020ರಲ್ಲಿ ಆರು ಲಕ್ಷ ನಲವತ್ತು ಸಾವಿರಕ್ಕೆ ಇಳಿದಿತ್ತು. ಕಾರ್ಖಾನೆಗಳು ಉಪನಗರಗಳಿಗೂ ಹೊರದೇಶಗಳಿಗೂ ಹೋದವು. ಉಪನಗರಗಳಲ್ಲಿ ಮನೆ ಕೊಳ್ಳುವ ಅವಕಾಶವನ್ನು ದಶಕಗಳ ಕಾಲ ನಿರಾಕರಿಸಲಾಗಿದ್ದ ಜನ ಅವುಗಳ ಹಿಂದೆ ಹೋಗಲಾರದೆ ಉಳಿದರು. ಇದೇ ಪ್ರಕ್ರಿಯೆ ಒಹಾಯೊ, ಅಪಲಾಚಿಯ ಮೊದಲಾದ ಕಡೆಗಳ ಬಿಳಿಯ ದುಡಿಮೆಗಾರರ ಊರುಗಳನ್ನು ತಟ್ಟಿದಾಗ ಅಲ್ಲಿಯೂ ಮದುವೆಗಳು ಕಡಿಮೆಯಾದವು, ಮಾದಕ ದ್ರವ್ಯಗಳ ಹಾವಳಿ ಹೆಚ್ಚಿತು. ಆ್ಯನ್ ಕೇಸ್ ಮತ್ತು ಆಂಗಸ್ ಡೀಟನ್ ಅವರ ಅಧ್ಯಯನಗಳು ಆ ಊರುಗಳ ಹತಾಶೆಯ ಸಾವುಗಳನ್ನು ದಾಖಲಿಸಿವೆ. ಒಂದೇ ಬಗೆಯ ಆರ್ಥಿಕ ಆಘಾತ ಎರಡು ವರ್ಣಗಳ ಜನರಲ್ಲಿ ಒಂದೇ ಬಗೆಯ 'ಸಂಸ್ಕೃತಿ'ಯನ್ನು ಹುಟ್ಟಿಸಿದ್ದರೆ, ಆ ಸಂಸ್ಕೃತಿ ವರ್ಣದ್ದೆನ್ನುವುದು ಹೇಗೆ?

ಎರಡನೆಯದು, ಅಣ್ಣ ತಂಗಿಯರ ಪ್ರಶ್ನೆ. ರಾಜ್ ಚೆಟ್ಟಿ ಮತ್ತು ಸಂಗಡಿಗರು ಸುಮಾರು ಎರಡು ಕೋಟಿ ಅಮೆರಿಕನ್ನರ ಮಾಹಿತಿಯನ್ನು ಪರಿಶೀಲಿಸಿ 2018ರಲ್ಲಿ ಹೊರತಂದು, 2020ರಲ್ಲಿ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನಿರ್ಣಾಯಕವಾದುದು. ಸಮಾನ ಆದಾಯದ ಮನೆಗಳಲ್ಲಿ ಬೆಳೆದ ಕಪ್ಪು ಮತ್ತು ಬಿಳಿಯ ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ ಹೆಚ್ಚುಕಡಿಮೆ ಸಮಾನವಾಗಿಯೇ ಗಳಿಸುತ್ತಾರೆ. ಗಂಡುಮಕ್ಕಳಲ್ಲಿ ಮಾತ್ರ ಅಂತರ ದೊಡ್ಡದಾಗಿ ಉಳಿಯುತ್ತದೆ. ಸಿರಿವಂತ ಮನೆಯಲ್ಲಿ ಹುಟ್ಟಿದ ಕಪ್ಪು ಹುಡುಗ ಅದೇ ಮಟ್ಟದಲ್ಲಿ ಉಳಿಯುವ ಸಂಭವ ಬಿಳಿಯ ಹುಡುಗನಿಗಿಂತ ಬಹಳ ಕಡಿಮೆ. ಒಂದೇ ತಾಯಿತಂದೆ, ಒಂದೇ ಅಡುಗೆಮನೆ, ಒಂದೇ ಓದುವ ಮೇಜು ಇದ್ದು ಮಗಳು ಮುಂದೆ ಹೋಗಿ ಮಗ ಹಿಂದುಳಿಯುವುದಾದರೆ, ಮನೆಯ ಸಂಸ್ಕೃತಿ ಅದಕ್ಕೆ ಸಾಕಾದ ವಿವರಣೆಯಾಗದು. ಕಾರಣವನ್ನು ಮನೆಯ ಹೊಸ್ತಿಲಿನ ಹೊರಗೆ, ಬೀದಿಯಲ್ಲಿ, ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಕೆಲಸ ಕೊಡುವವನ ಕಚೇರಿಯಲ್ಲಿ ಹುಡುಕಬೇಕಾಗುತ್ತದೆ.

ಮೂರನೆಯದು, ಯಾರ ಸಂಸ್ಕೃತಿ ಎಂಬ ಪ್ರಶ್ನೆ. ದೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಮಿಲ್‌ವಾಕಿ ನಗರದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮಾನ ಅರ್ಹತೆಯ ಯುವಕರನ್ನು ಕೆಲಸ ಕೇಳಲು ಕಳುಹಿಸಲಾಯಿತು. ಸೆರೆವಾಸದ ದಾಖಲೆಯಿದ್ದ ಬಿಳಿಯರಿಗೆ ಶೇಕಡಾ 17ರಷ್ಟು ಕಡೆಗಳಿಂದ ಮರುಕರೆ ಬಂದಿತು. ಯಾವ ಅಪರಾಧದ ದಾಖಲೆಯೂ ಇಲ್ಲದ ಕಪ್ಪು ಯುವಕರಿಗೆ ಶೇಕಡಾ 14. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಅರ್ಜಿಗಳ ಮೇಲೆ ಬಿಳಿಯರ ಹೆಸರಿದ್ದಾಗ ಶೇಕಡಾ 50ರಷ್ಟು ಹೆಚ್ಚು ಕರೆಗಳು ಬಂದವು. ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಇಂಥದೇ ಪ್ರಯೋಗದಲ್ಲಿ ದಲಿತ ಹೆಸರುಗಳ ಗತಿಯೂ ಇದೇ ಆಯಿತು. ಹೆಸರನ್ನು ಓದಿದೊಡನೆ ಅರ್ಜಿಯನ್ನು ಬದಿಗೆ ಸರಿಸುವ ಕೈಯೂ ಒಂದು ಸಂಸ್ಕೃತಿಯ ಕೈಯೇ. ಬಡವರ ಸಂಸ್ಕೃತಿಯನ್ನು ಕುರಿತು ಕಪಾಟು ತುಂಬುವಷ್ಟು ಗ್ರಂಥಗಳಿವೆ. ಬಾಗಿಲು ಕಾಯುವವರ ಸಂಸ್ಕೃತಿಯನ್ನು ಕುರಿತ ಜಿಜ್ಞಾಸೆ ಆ ಪ್ರಮಾಣದಲ್ಲಿ ನಡೆದಿಲ್ಲ. ಸಂಸ್ಕೃತಿಯ ವಾದದ ಮೂಲದೋಷ ಅದು ಸಂಸ್ಕೃತಿಯನ್ನು ಹೆಚ್ಚು ನಂಬುತ್ತದೆ ಎಂಬುದಲ್ಲ. ಅರ್ಧ ಸಂಸ್ಕೃತಿಯನ್ನು ಮಾತ್ರ ನೋಡುತ್ತದೆ ಎಂಬುದು.

ಇಲ್ಲಿ ಕನ್ನಡಿಗರನ್ನೂ ಒಳಗೊಂಡ ಅಮೆರಿಕದ ಭಾರತೀಯರ ದೃಷ್ಟಾಂತವನ್ನು ಪ್ರಸ್ತಾಪಿಸದೆ ಗತ್ಯಂತರವಿಲ್ಲ. ಏಕೆಂದರೆ ಕಪ್ಪು ಜನರ ವಿರುದ್ಧ ಇಂದು ಹೆಚ್ಚಾಗಿ ಎತ್ತಿ ಹಿಡಿಯುವ ಉದಾಹರಣೆ ಅದೇ. ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ತೀರ್ಪಿತ್ತಿತ್ತು. ಭಾರತೀಯರಿಗೆ ಬಾಗಿಲನ್ನು ವಿಶಾಲವಾಗಿ ತೆರೆದದ್ದು 1965ರ ವಲಸೆ ಕಾಯಿದೆ. ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ ಸೃಷ್ಟಿಸಿದ ವಾತಾವರಣದಲ್ಲಿಯೇ ಆ ಕಾಯಿದೆ ಅಂಗೀಕೃತವಾಯಿತು. ಅದು ಎಂಜಿನಿಯರರನ್ನೂ ವೈದ್ಯರನ್ನೂ ಆರಿಸಿ ಬರಮಾಡಿಕೊಂಡಿತು. ಆ ಎಂಜಿನಿಯರರಲ್ಲಿ ಅನೇಕರು ಭಾರತದ ತೆರಿಗೆದಾರರ ಹಣದಿಂದ ನಡೆದ ಕಾಲೇಜುಗಳಲ್ಲಿ ಓದಿದವರು. ಓದಿನ ಬಂಡವಾಳವನ್ನು ತಲೆಮಾರುಗಳಿಂದ ಹೊಂದಿದ್ದ ಜಾತಿಗಳವರೇ ಅವರಲ್ಲಿ ಹೆಚ್ಚು. ಜರಡಿ ಹಿಡಿದು ಆರಿಸಿದ ಕಾಳನ್ನು ತೋರಿಸಿ ಹೊಲದ ಫಲವತ್ತತೆಯನ್ನು ಹೊಗಳುವುದು ಸರಿಯಲ್ಲ. ವಲಸಿಗರ ಯಶಸ್ಸಿನಲ್ಲಿ ಶ್ರಮವಿಲ್ಲವೆಂದಲ್ಲ; ಆ ಶ್ರಮಕ್ಕೆ ದಾರಿ ಬಿಟ್ಟುಕೊಟ್ಟವರ ಹೋರಾಟವನ್ನು ಮರೆತು, ಆ ಯಶಸ್ಸನ್ನು ಅವರ ಎದುರಿಗೇ ಮಾದರಿಯಾಗಿ ಇಡುವುದು ಕೃತಘ್ನತೆಯೆನಿಸುತ್ತದೆ.

ಮುಂಬಯಿ ಕನ್ನಡಿಗರ ಚರಿತ್ರೆ ಈ ಮಾತಿಗೆ ಇನ್ನೊಂದು ಮಗ್ಗುಲನ್ನು ಒದಗಿಸುತ್ತದೆ. ಅವಿಭಜಿತ ದಕ್ಷಿಣ ಕನ್ನಡದಿಂದ ಬಂದು, ಹಗಲು ಹೋಟೆಲುಗಳಲ್ಲಿ ಮೇಜು ಒರೆಸಿ, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ಹುಡುಗರು ಮುಂದೆ ವಕೀಲರೂ ಅಧ್ಯಾಪಕರೂ ಉದ್ಯಮಿಗಳೂ ಆದುದು ಈ ನಗರಕ್ಕೆ ತಿಳಿಯದ ಸಂಗತಿಯಲ್ಲ. ಇದನ್ನು ಕರಾವಳಿಯವರ ಸಾಹಸ ಪ್ರವೃತ್ತಿಯ ಕಥೆಯೆಂದು ಹೇಳುವ ರೂಢಿಯಿದೆ. ಸಾಹಸ ನಿಜ. ಆದರೆ ರಾತ್ರಿ ಶಾಲೆಯಿತ್ತು. ಅದನ್ನು ನಡೆಸುವ ಸಂಘವಿತ್ತು. ಊರಿನಿಂದ ಬಂದವನಿಗೆ ಮಲಗಲು ಜಾಗವನ್ನೂ ಮೊದಲ ಕೆಲಸವನ್ನೂ ಕೊಡುವ ಬಂಧುವಿದ್ದನು. ಅದೇ ಬಂಧುತ್ವದ ಜಾಲ ಜಾತಿಯ ಎಳೆಗಳಿಂದ ನೇಯ್ದದ್ದಾದ್ದರಿಂದ, ಹೋಟೆಲಿನ ಅಡುಗೆಮನೆಗೆ ಕೆಲವರಿಗೆ ಪ್ರವೇಶವೇ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಒಬ್ಬನನ್ನು ಮೇಲೆತ್ತುವ ಸಂಸ್ಕೃತಿ ಇನ್ನೊಬ್ಬನನ್ನು ಹೊರಗಿಡುವ ಸಂಸ್ಕೃತಿಯೂ ಆಗಿರಬಲ್ಲದು. ಡೆಟ್ರಾಯಿಟಿನ ಬಿಳಿಯ ಕಾರ್ಮಿಕ ಸಂಘಗಳಲ್ಲಿ ಅಣ್ಣನಿಂದ ತಮ್ಮನಿಗೆ ಸಾಗಿಬಂದ ನೌಕರಿಗಳ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ.

ಹಾಗಾದರೆ ನೀತಿ ಮತ್ತು ಸಂಸ್ಕೃತಿಗಳ ಸಂಬಂಧವೇನು? ಸಂಸ್ಕೃತಿಯೆಂಬುದು ಬಹುಮಟ್ಟಿಗೆ ಹಿಂದಿನ ನೀತಿಗಳ ಸ್ಮೃತಿ. ಬ್ಯಾಂಕು ಮುಳುಗಿದ್ದನ್ನು ಕಂಡ ಮನೆತನ ಬ್ಯಾಂಕನ್ನು ನಂಬುವುದಿಲ್ಲ. ಓದಿದವನಿಗೂ ಕೆಲಸ ದೊರೆಯದ ಬೀದಿಯಲ್ಲಿ ಓದಿನ ಮಹಿಮೆ ಮಂಕಾಗುತ್ತದೆ. ಹೀಗೆ ಹುಟ್ಟಿದ ಅಭ್ಯಾಸಗಳು ಅವುಗಳನ್ನು ಹುಟ್ಟಿಸಿದ ಕಾಯಿದೆಗಳು ಅಳಿದ ಮೇಲೂ ಉಳಿಯುತ್ತವೆ ಎಂಬುದರಲ್ಲಿ ಸಂಸ್ಕೃತಿವಾದಿಗಳು ಹೇಳುವ ಸತ್ಯಾಂಶವಿದೆ. ಆದುದರಿಂದ ಕಾಯಿದೆಯೊಂದನ್ನು ತೆಗೆದುಹಾಕಿದೊಡನೆ ಎಲ್ಲವೂ ಸಮವಾಯಿತೆಂದು ಭಾವಿಸುವಂತಿಲ್ಲ. ಚೆಟ್ಟಿಯವರ ಅಧ್ಯಯನದಲ್ಲಿಯೇ, ಮಕ್ಕಳೊಡನೆ ಬಾಳುವ ಕಪ್ಪು ತಂದೆಯರು ಹೆಚ್ಚಿರುವ ಮತ್ತು ಬಿಳಿಯರಲ್ಲಿ ವರ್ಣದ್ವೇಷ ಕಡಿಮೆಯಿರುವ ಬಡಾವಣೆಗಳಲ್ಲಿ ಕಪ್ಪು ಹುಡುಗರ ಏಳಿಗೆ ಹೆಚ್ಚೆಂದು ಕಂಡುಬಂದಿದೆ. ಒಂದು ಕಡೆ ಕಪ್ಪು ಜನರ ನಡೆವಳಿ, ಇನ್ನೊಂದು ಕಡೆ ಬಿಳಿಯರ ನಡೆವಳಿ. ಎರಡೂ ಸೇರಿಯೇ ಫಲ. ಆ ಬಡಾವಣೆಗಳ ಗಡಿಯನ್ನು ಗುರುತಿಸಿದ್ದು ಮಾತ್ರ ನೀತಿ.

ಅಮೆರಿಕದಲ್ಲಿ ಗಾಳಿ ಈಗ ಬೇರೆ ದಿಕ್ಕಿಗೆ ಬೀಸುತ್ತಿದೆ. ಕಾಲೇಜು ಪ್ರವೇಶದಲ್ಲಿ ವರ್ಣವನ್ನು ಪರಿಗಣಿಸುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯ 2023ರ ಜೂನ್‌ನಲ್ಲಿ ಅಸಿಂಧುಗೊಳಿಸಿತು. ಸರಕಾರಿ ಗುತ್ತಿಗೆದಾರರು ನೇಮಕಾತಿಯಲ್ಲಿ ಸಮಾನಾವಕಾಶಕ್ಕಾಗಿ ವಿಶೇಷ ಕ್ರಮ ಕೈಗೊಳ್ಳಬೇಕೆಂದಿದ್ದ 1965ರ ಅಧ್ಯಕ್ಷೀಯ ಆಜ್ಞೆಯನ್ನು 2025ರ ಜನವರಿಯಲ್ಲಿ ಹಿಂತೆಗೆದುಕೊಳ್ಳಲಾಯಿತು. ಕಾಯಿದೆ ಇನ್ನು ಮುಂದೆ ಬಣ್ಣವನ್ನು ನೋಡುವುದಿಲ್ಲ ಎಂಬುದು ಇದರ ಸಮರ್ಥನೆ. ಆದರೆ ಆರು ಪಟ್ಟು ಸಂಪತ್ತಿನ ಅಂತರವನ್ನು ಹಿಂದಿನ ಕಾಯಿದೆಗಳು ಬಣ್ಣ ನೋಡಿಯೇ ಕಟ್ಟಿವೆ. ಕಟ್ಟುವಾಗ ತೆರೆದಿದ್ದ ಕಣ್ಣನ್ನು ಸರಿಪಡಿಸುವಾಗ ಮುಚ್ಚಿಕೊಂಡರೆ, ಆ ಅಂತರ ತಾನಾಗಿ ಮುಂದಿನ ತಲೆಮಾರಿಗೆ ಆಸ್ತಿಯಂತೆ ಹಸ್ತಾಂತರವಾಗುತ್ತದೆ. ಅದನ್ನು ತಡೆಯಲು ವರ್ಣದ ಹೆಸರನ್ನೆತ್ತಲೇಬೇಕೆಂದಿಲ್ಲ. ಕನಿಷ್ಠ ವೇತನದ ತಿದ್ದುಪಡಿಯಲ್ಲಿ ವರ್ಣದ ಮಾತೇ ಇರಲಿಲ್ಲ. ಹೊರಗುಳಿದವರು ಯಾರೆಂದು ಗುರುತಿಸಿ ಅವರಿದ್ದ ಕಡೆಗೆ ಕಾಯಿದೆಯ ನೆರಳನ್ನು ಚಾಚುವ ಮನಸ್ಸು ಬೇಕು. ಭೂಮಿ, ಮನೆ, ಶಾಲೆ, ಮರ್ಯಾದೆಯ ಕೂಲಿ ಈ ನಾಲ್ಕನ್ನು ಒದಗಿಸಿದ ಮೇಲೆಯೂ ಒಂದು ಜನವರ್ಗ ತಲೆಮಾರುಗಳ ಕಾಲ ಹಿಂದುಳಿದರೆ ಆಗ ಅದರ ಸಂಸ್ಕೃತಿಯನ್ನು ಪ್ರಶ್ನಿಸಬಹುದು. ಕಪ್ಪು ಅಮೆರಿಕನ್ನರಿಗೆ ಆ ನಾಲ್ಕೂ ಒಮ್ಮೆಗೇ ದೊರೆತ ಒಂದು ತಲೆಮಾರೂ ಇದುವರೆಗೆ ಬಂದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದ ದೊರೆಯುವ ಪಾಠ ಚಿಕ್ಕದಾದರೂ ಉಪಯುಕ್ತವಾದುದು. ಯಾವುದೇ ಸಮುದಾಯದ ಸಂಸ್ಕೃತಿಯನ್ನು ಕುರಿತು ಪ್ರಬಂಧ ಬರೆಯುವಾಗ, ಆ ಸಮುದಾಯದ ಹಾಡು, ಹಬ್ಬ, ಗಾದೆಗಳ ಜೊತೆಗೆ ಅದರ ಪಹಣಿ ಪತ್ರ, ಸಾಲದ ಪುಸ್ತಕ, ಶಾಲೆಯ ಹಾಜರಿ ಇವುಗಳನ್ನೂ ತೆರೆದು ನೋಡುವುದು ಅಗತ್ಯ. ಹಾಡಿನಲ್ಲಿ ಕೇಳುವ ನಿರಾಶೆ ಆ ಜನರ ಸ್ವಭಾವವೇ ಅಥವಾ ಅವರ ಅನುಭವವೇ ಎಂಬುದು ಆ ಕಾಗದಗಳನ್ನು ಓದಿದ ಮೇಲೆಯೇ ತಿಳಿಯುತ್ತದೆ.